ಭೂವಿಜ್ಞಾನ ವಿಭಾಗದ ಲೆಕ್ಕ: ಹುದ್ದೆ, ಅನುದಾನ, ದಾಖಲಾತಿ ಒಂದೇ ವರ್ಷದವಲ್ಲ

ವಿಶ್ವವಿದ್ಯಾಲಯವೊಂದರ ಭೂವಿಜ್ಞಾನ ವಿಭಾಗ ಉಳಿಯಬೇಕೇ, ಕುಗ್ಗಬೇಕೇ, ಪಕ್ಕದ ಭೂಗೋಳ ವಿಭಾಗದ ಜೊತೆ ಸೇರಬೇಕೇ ಎಂಬ ಚರ್ಚೆ ಎದ್ದಾಗಲೆಲ್ಲ ಸಭೆಯ ಮುಂದೆ ಬರುವುದು ಹೆಚ್ಚುಕಡಿಮೆ ಒಂದೇ ಬಗೆಯ ಹಾಳೆ. ಅದರಲ್ಲಿ ಮೂರು ಸಾಲು ಇರುತ್ತವೆ: ಬೋಧಕರು ಎಷ್ಟು ಮಂದಿ, ಸಂಶೋಧನಾ ಅನುದಾನ ಎಷ್ಟು ಬಂತು, ವಿದ್ಯಾರ್ಥಿಗಳು ಎಷ್ಟು ಜನ ಸೇರಿದರು. ಒಂದನ್ನು ಇನ್ನೊಂದರಿಂದ ಭಾಗಿಸಿ, ಬಂದ ಉತ್ತರವನ್ನು ರಸಾಯನಶಾಸ್ತ್ರದ್ದೋ ವಾಣಿಜ್ಯದ್ದೋ ಉತ್ತರದ ಪಕ್ಕದಲ್ಲಿಟ್ಟು ತೀರ್ಮಾನಕ್ಕೆ ಬರುತ್ತಾರೆ.

ಹಾಳೆಯ ತಲೆಯ ಮೇಲೆ ಒಂದೇ ವರ್ಷ ಬರೆದಿರುತ್ತದೆ. ಆದರೆ ಆ ಮೂರು ಸಂಖ್ಯೆಗಳು ಹುಟ್ಟಿದ್ದು ಬೇರೆ ಬೇರೆ ಕಾಲದಲ್ಲಿ. ಈಗ ಪಾಠ ಮಾಡುತ್ತಿರುವ ಪ್ರಾಧ್ಯಾಪಕರ ಸಂಖ್ಯೆ ಇಪ್ಪತ್ತು ಮೂವತ್ತು ವರ್ಷಗಳ ಹಿಂದಿನ ನೇಮಕಾತಿಗಳ ಫಲ. ಈ ವರ್ಷ ಖಾತೆಗೆ ಬಂದ ಅನುದಾನ ಎರಡು ಮೂರು ವರ್ಷಗಳ ಹಿಂದೆ ಬರೆದ ಅರ್ಜಿಯ ಫಲ. ಸೇರಿದ ವಿದ್ಯಾರ್ಥಿಗಳ ಸಂಖ್ಯೆಗೆ ಮಾತ್ರ ಕಳೆದ ಒಂದೆರಡು ವರ್ಷಗಳ ಉದ್ಯೋಗ ಸುದ್ದಿಯೇ ಮುಖ್ಯ ಕಾರಣ. ಬೇಗ ಏರಿಳಿಯುವ ಸಂಖ್ಯೆಯನ್ನು ನೋಡಿ ನಿಧಾನವಾಗಿ ಕಟ್ಟಿದ್ದನ್ನು ಕಡಿದರೆ, ಕಳೆದುಕೊಂಡದ್ದು ಏನು ಎಂಬುದು ಗೊತ್ತಾಗುವ ಹೊತ್ತಿಗೆ ಅದನ್ನು ಮರಳಿ ತರುವ ದಾರಿ ಮುಚ್ಚಿರುತ್ತದೆ. ಭೂವಿಜ್ಞಾನ ವಿಭಾಗಗಳು ದೇಶ ದೇಶಗಳಲ್ಲಿ ಕ್ಷೀಣಿಸಿದ ಕಥೆಗಳಲ್ಲಿ ನನಗೆ ಮತ್ತೆ ಮತ್ತೆ ಕಾಣುವುದು ಇದೇ.

ವಿದ್ಯಾರ್ಥಿಗಳು ಯಾಕೆ ಬರುತ್ತಾರೆ, ಯಾಕೆ ಬರುವುದಿಲ್ಲ

ಬಹುತೇಕ ದೇಶಗಳ ಶಾಲೆಗಳಲ್ಲಿ ಭೂವಿಜ್ಞಾನ ಪ್ರತ್ಯೇಕ ಮುಖ್ಯ ವಿಷಯವಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ ಬಂದ ಹುಡುಗ ಹುಡುಗಿಯರಿಗೆ ಕಲ್ಲು, ಖನಿಜ, ಭೂಕಂಪ, ಅಂತರ್ಜಲವನ್ನು ಒಟ್ಟಿಗೆ ಓದುವ ಪದವಿಯೊಂದು ಇದೆ ಎಂಬುದೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಹಾಗಾಗಿ ಈ ವಿಷಯಕ್ಕೆ ಬರುವವರಲ್ಲಿ ಅನೇಕರು ವಿಶ್ವವಿದ್ಯಾಲಯಕ್ಕೆ ಬಂದಮೇಲೆ, ಮೊದಲ ವರ್ಷದ ಯಾವುದೋ ಐಚ್ಛಿಕ ತರಗತಿಯಲ್ಲಿ ಕೂತು, ಅಲ್ಲಿಂದ ಈ ಕಡೆ ತಿರುಗಿದವರು. ಮೊದಲ ವರ್ಷವೇ ವಿಷಯವನ್ನು ಖಾಯಂ ಮಾಡಿಬಿಡುವ ವ್ಯವಸ್ಥೆಗಳಲ್ಲಿ ಈ ಬಾಗಿಲು ಇಲ್ಲ.

ಎರಡನೆಯದು ಉದ್ಯೋಗದ ಸುದ್ದಿ. ಅಮೆರಿಕದಲ್ಲಿ 1980ರ ದಶಕದ ಆರಂಭದಲ್ಲಿ ತೈಲ ಕಂಪನಿಗಳು ಭೂವಿಜ್ಞಾನಿಗಳನ್ನು ಹುಡುಕಿ ಹುಡುಕಿ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದವು, ತರಗತಿಗಳು ತುಂಬಿದ್ದವು. 1986ರಲ್ಲಿ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ಅರ್ಧಕ್ಕಿಂತ ಕೆಳಗೆ ಬಿತ್ತು. ಅದರ ಜೊತೆಗೇ ಪದವಿಗೆ ಸೇರುವವರ ಸಂಖ್ಯೆಯೂ ಕುಸಿದು, ದಶಕ ಮುಗಿಯುವ ಹೊತ್ತಿಗೆ ಉತ್ತುಂಗದ ಅರ್ಧಕ್ಕೂ ಕಡಿಮೆಯಾಯಿತು. ಇದೇ ಆಟ 2014ರ ನಂತರ ಮತ್ತೆ ನಡೆಯಿತು. ಆ ವರ್ಷದ ಮಧ್ಯದಲ್ಲಿ ಬ್ಯಾರೆಲ್‌ಗೆ 100 ಡಾಲರ್ ಮೀರಿದ್ದ ಬೆಲೆ 2016ರ ಆರಂಭದಲ್ಲಿ 30 ಡಾಲರ್‌ಗಿಂತ ಕೆಳಗಿತ್ತು. ಅಮೆರಿಕ, ಬ್ರಿಟನ್ ಎರಡೂ ಕಡೆ ದಾಖಲಾತಿ ಇಳಿಮುಖವಾಯಿತು. ಈ ಸಲ ಬೆಲೆಯ ಜೊತೆಗೆ ಇನ್ನೊಂದು ಕಾರಣವೂ ಸೇರಿತ್ತು. ಹವಾಮಾನದ ಬಗ್ಗೆ ಕಳಕಳಿ ಇರುವ ಯುವಕರಿಗೆ ಭೂವಿಜ್ಞಾನ ಎಂದರೆ ತೈಲ ಮತ್ತು ಗಣಿಯ ವಿದ್ಯೆ ಎಂಬ ಅನಿಸಿಕೆ ಬಲವಾಗಿತ್ತು. ಗಾಳಿಯಂತ್ರಕ್ಕೂ ವಿದ್ಯುತ್ ವಾಹನದ ಬ್ಯಾಟರಿಗೂ ಬೇಕಾದ ತಾಮ್ರ, ಲಿಥಿಯಂ, ವಿರಳ ಭಸ್ಮ ಧಾತುಗಳನ್ನು (ರೇರ್ ಅರ್ತ್) ನೆಲದಲ್ಲಿ ಹುಡುಕಬೇಕಾದವರೂ ಇವರೇ ಎಂಬ ಮಾತು ಅವರ ಕಿವಿಗೆ ತಲುಪಿದ್ದು ತಡವಾಗಿ.

ಇಲ್ಲಿ ಗಮನಿಸಬೇಕಾದ್ದು, ಇಂದಿನ ಬೆಲೆ ನೋಡಿ ಇಂದು ಸೇರಿದವರು ಹೊರಬರುವುದು ಮೂರು ನಾಲ್ಕು ವರ್ಷಗಳ ನಂತರ. ಆಗಿನ ಮಾರುಕಟ್ಟೆ ಬೇರೆಯೇ ಇರುತ್ತದೆ. ಬೆಲೆ ಏರಿದಾಗ ಸೇರಿದವರು ಇಳಿದಾಗ ಪದವಿ ಪಡೆಯುತ್ತಾರೆ, ಇಳಿದಾಗ ಯಾರೂ ಸೇರದೆ ಮುಂದಿನ ಏರಿಕೆಯ ಹೊತ್ತಿಗೆ ಪದವೀಧರರ ಕೊರತೆ ಕಾಡುತ್ತದೆ. ಒಂದು ವರ್ಷದ ದಾಖಲಾತಿ ಕುಸಿದದ್ದಕ್ಕೆ ಪಾಠದ ಗುಣಮಟ್ಟವನ್ನೋ ಬೋಧಕರ ಶ್ರಮವನ್ನೋ ಹೊಣೆ ಮಾಡುವುದು ಇಂಥ ವಿಷಯದಲ್ಲಿ ಅನ್ಯಾಯ.

ತಲೆ ಎಣಿಕೆಯ ಪ್ರಶ್ನೆಯೂ ಇದೆ. ಒಂದು ಕಾಲ್ಪನಿಕ ವಿಭಾಗವನ್ನು ತೆಗೆದುಕೊಳ್ಳೋಣ. ಅಲ್ಲಿ ಭೂವಿಜ್ಞಾನವನ್ನೇ ಮುಖ್ಯ ವಿಷಯವಾಗಿ ಓದುವವರು 40 ಮಂದಿ. ಜೊತೆಗೆ ಎಂಜಿನಿಯರಿಂಗ್, ಕೃಷಿ, ಪರಿಸರ ವಿಜ್ಞಾನಗಳಿಂದ ಬಂದ 600 ಮಂದಿ ಇದೇ ವಿಭಾಗದ ಒಂದು ಪೀಠಿಕಾ ಕೋರ್ಸ್ ಓದುತ್ತಾರೆ. ವರ್ಷಕ್ಕೆ ಒಬ್ಬ ವಿದ್ಯಾರ್ಥಿ ಎಂಟು ಕೋರ್ಸ್ ಓದಬೇಕು ಎಂದಿಟ್ಟುಕೊಂಡರೆ, ಆ 600 ಮಂದಿ 75 ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಸಮ. ಅಂದರೆ ವಿಭಾಗ ಹೊತ್ತಿರುವ ಬೋಧನೆಯ ಭಾರ 115 ಮಂದಿಯದು, ಹಾಳೆಯಲ್ಲಿ ಕಾಣುವುದು 40. ಈ 75 ಮಂದಿಯ ಶುಲ್ಕದ ಪಾಲು ಯಾರ ಲೆಕ್ಕಕ್ಕೆ ಜಮೆಯಾಗುತ್ತದೆ ಎಂಬುದನ್ನು ವಿಶ್ವವಿದ್ಯಾಲಯದ ಹಣ ಹಂಚಿಕೆಯ ಸೂತ್ರ ನಿರ್ಧರಿಸುತ್ತದೆ. ಸೂತ್ರ ಬದಲಾದರೆ, ಯಾರೂ ಹೆಚ್ಚಾಗದೆ ಕಡಿಮೆಯಾಗದೆ, ಲಾಭದಲ್ಲಿದ್ದ ವಿಭಾಗ ನಷ್ಟಕ್ಕೆ ಇಳಿಯಬಹುದು.

ಇನ್ನು ಬೋಧಕ–ವಿದ್ಯಾರ್ಥಿ ಅನುಪಾತ. ಉಪನ್ಯಾಸವೇ ಮುಖ್ಯವಾಗಿರುವ ವಿಷಯಗಳಲ್ಲಿ ಒಬ್ಬರು ಮುನ್ನೂರು ಜನರಿಗೆ ಪಾಠ ಮಾಡಬಹುದು. ಇಲ್ಲಿ ಸೂಕ್ಷ್ಮದರ್ಶಕದ ಕೊಠಡಿಯಲ್ಲಿ ಎಷ್ಟು ಸೂಕ್ಷ್ಮದರ್ಶಕಗಳಿವೆಯೋ ಅಷ್ಟೇ ಜನ ಕೂರಬಹುದು. ಬಂಡೆ ಕಡಿದಾಗಿ ಇಳಿಯುವ ಜಾಗದಲ್ಲಿ ವಿದ್ಯಾರ್ಥಿಗಳಿಗೆ ನಕ್ಷೆ ಬರೆಯಲು ಕಲಿಸುವಾಗ ಕೆಲವರಿಗೊಬ್ಬರಂತೆ ಬೋಧಕರು ಜೊತೆಗಿರಬೇಕು. ಫೀಲ್ಡ್‌ವರ್ಕ್‌ಗೆ ವಾಹನ, ವಸತಿ, ಸುರಕ್ಷತೆಯ ತಯಾರಿ ಎಲ್ಲವೂ ಬೇಕು. ಅದಿಲ್ಲದೆ ಭೂವಿಜ್ಞಾನದ ಪದವಿ ಕೊಡುವುದನ್ನು ನಾನು ಒಪ್ಪಲಾರೆ. ಪದರಗಳು ಮಡಿಸಿಕೊಂಡಿರುವುದನ್ನು ಚಿತ್ರದಲ್ಲಿ ಗುರುತಿಸುವುದು ಒಂದು ವಿದ್ಯೆ. ಮುಕ್ಕಾಲು ಪಾಲು ಹುಲ್ಲು ಮಣ್ಣು ಮುಚ್ಚಿದ ಗುಡ್ಡದಲ್ಲಿ ಅಲ್ಲಲ್ಲಿ ಕಾಣುವ ನಾಲ್ಕು ಬಂಡೆಗಳನ್ನು ನೋಡಿ ಕೆಳಗಿನ ಮಡಿಕೆಯನ್ನು ಊಹಿಸುವುದು ಬೇರೆಯೇ ವಿದ್ಯೆ.

ಒಂದು ಹುದ್ದೆ ಹೋದರೆ ಏನು ಹೋಗುತ್ತದೆ

ಭೂವಿಜ್ಞಾನ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರೊಳಗೆ ಖನಿಜಶಾಸ್ತ್ರ, ಶಿಲಾಶಾಸ್ತ್ರ, ಸಂರಚನಾ ಭೂವಿಜ್ಞಾನ (ಪದರಗಳ ಮಡಿಕೆ, ಬಿರುಕುಗಳ ಅಧ್ಯಯನ), ಗಸಿಶಾಸ್ತ್ರ (ನೀರು, ಗಾಳಿ ತಂದು ಕೂರಿಸಿದ ಪದರಗಳ ಅಧ್ಯಯನ), ಪಳೆಯುಳಿಕೆಗಳ ಅಧ್ಯಯನ, ಭೂಭೌತಶಾಸ್ತ್ರ, ಭೂರಸಾಯನಶಾಸ್ತ್ರ, ಅಂತರ್ಜಲ ವಿಜ್ಞಾನ ಎಲ್ಲವೂ ಇವೆ. ಮಧ್ಯಮ ಗಾತ್ರದ ವಿಭಾಗದಲ್ಲಿ ಒಂದೊಂದಕ್ಕೂ ಒಬ್ಬರು, ಹೆಚ್ಚೆಂದರೆ ಇಬ್ಬರು. ಆದ್ದರಿಂದ ಹದಿನೆಂಟು ಹುದ್ದೆಗಳಲ್ಲಿ ಎರಡು ಹೋದರೆ ಒಂಬತ್ತನೇ ಒಂದು ಭಾಗ ಹೋಯಿತು ಎಂದು ಲೆಕ್ಕ ಹೇಳುತ್ತದೆ, ನಿಜದಲ್ಲಿ ಎರಡು ಶಾಸ್ತ್ರಗಳೇ ಹೋಗಿರುತ್ತವೆ. ಅದೂ ಯಾರೋ ಯೋಚಿಸಿ ಆರಿಸಿದ ಶಾಸ್ತ್ರಗಳಲ್ಲ. ನೇಮಕಾತಿಗೆ ತಡೆ ಬಿದ್ದ ವರ್ಷ ಯಾರಿಗೆ ನಿವೃತ್ತಿಯ ವಯಸ್ಸಾಗಿತ್ತೋ ಅವರ ಶಾಸ್ತ್ರಗಳು.

ಸಣ್ಣ ವಿಭಾಗಗಳ ಈ ದೌರ್ಬಲ್ಯವನ್ನು ಬ್ರಿಟನ್ ಒಮ್ಮೆ ನೇರವಾಗಿ ಎದುರಿಸಿತು. ಭೂವಿಜ್ಞಾನಿ ರೊನಾಲ್ಡ್ ಆಕ್ಸ್‌ಬರ್ಗ್ ಅವರ ನೇತೃತ್ವದಲ್ಲಿ 1987ರಲ್ಲಿ ಬಂದ ವರದಿ, ದೇಶದ ತುಂಬ ಹರಡಿದ್ದ ಸಣ್ಣ ಸಣ್ಣ ವಿಭಾಗಗಳ ಬದಲು ಬೋಧಕ ಬಲ ಮತ್ತು ದುಬಾರಿ ಉಪಕರಣ ಎರಡೂ ಇರುವ ಕಡಿಮೆ ಸಂಖ್ಯೆಯ ದೊಡ್ಡ ವಿಭಾಗಗಳಿರಲಿ ಎಂದಿತು. ಮುಂದಿನ ವರ್ಷಗಳಲ್ಲಿ ಹಲವು ವಿಭಾಗಗಳು ಮುಚ್ಚಿದವು ಅಥವಾ ಬೇರೆಯವುಗಳಲ್ಲಿ ಸೇರಿದವು, ಅಧ್ಯಾಪಕರು ಊರು ಬದಲಿಸಿದರು. ಉಳಿದ ವಿಭಾಗಗಳಿಗೆ ಬಲ ಬಂತು, ಸುಳ್ಳಲ್ಲ. ಆದರೆ ವಿಭಾಗ ಕಳೆದುಕೊಂಡ ಊರುಗಳ ವಿದ್ಯಾರ್ಥಿಗಳಿಗೆ, ನಾನು ಮೊದಲು ಹೇಳಿದ ಆ ಮೊದಲ ವರ್ಷದ ಬಾಗಿಲೂ ಮುಚ್ಚಿತು.

ವಿಲೀನಗಳೆಲ್ಲ ಒಂದೇ ಬಗೆಯವಲ್ಲ. ಕೇಂಬ್ರಿಜ್‌ನಲ್ಲಿ 1980ರಲ್ಲಿ ಭೂವಿಜ್ಞಾನ, ಖನಿಜ–ಶಿಲಾಶಾಸ್ತ್ರ, ಭೂಮಾಪನ–ಭೂಭೌತಶಾಸ್ತ್ರ ಎಂಬ ಮೂರು ವಿಭಾಗಗಳು ಕೂಡಿ ಒಂದು ಭೂವಿಜ್ಞಾನಗಳ ವಿಭಾಗವಾಯಿತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1983ರಲ್ಲಿ ಭೂಮಿ–ಗ್ರಹ ವಿಜ್ಞಾನವೂ ಪವನಶಾಸ್ತ್ರ–ಸಾಗರ ಭೌತಶಾಸ್ತ್ರವೂ ಒಂದಾದವು. ಭೂಮಿಯ ಹೊರಪದರ ಚಲಿಸುವ ತುಂಡುಗಳಿಂದಾಗಿದೆ ಎನ್ನುವ ಭೂಫಲಕಗಳ ಸಿದ್ಧಾಂತ ಬಂದಮೇಲೆ ಸಾಗರತಳ, ಖಂಡ, ಭೂಗರ್ಭಗಳನ್ನು ಬೇರೆ ಬೇರೆ ಕಟ್ಟಡಗಳಲ್ಲಿ ಓದುವುದಕ್ಕೆ ಅರ್ಥ ಕಡಿಮೆಯಾಗಿತ್ತು. ಅಂಥ ವಿಲೀನದ ಹಿಂದೆ ವಿಜ್ಞಾನವಿತ್ತು. ಎರಡು ಕಚೇರಿಗಳ ಖರ್ಚು ಉಳಿಸಲು ಮಾಡುವ ವಿಲೀನದಲ್ಲಿ ವಿಭಾಗದ ನಾಮಫಲಕದ ಮೇಲೆ ಪರಿಸರ ಎಂಬ ಪದ ಸೇರುತ್ತದೆ, ನಿವೃತ್ತರ ಜಾಗ ಖಾಲಿ ಉಳಿಯುತ್ತದೆ. ಎರಡನ್ನು ಬೇರೆ ಮಾಡಿ ನೋಡಲು ಸುಲಭದ ಪ್ರಶ್ನೆಯೊಂದಿದೆ: ವಿಲೀನದ ನಂತರದ ಐದು ವರ್ಷಗಳಲ್ಲಿ ಹೊಸ ಕಾಯಂ ಹುದ್ದೆಗಳು ಎಷ್ಟು ಬಂದವು?

ನಿವೃತ್ತಿಯ ಅಲೆ ಇನ್ನೊಂದು ಸಂಗತಿ. 1957ರಲ್ಲಿ ಸ್ಪುಟ್ನಿಕ್ ಹಾರಿದ ಮೇಲೆ ಪಶ್ಚಿಮದ ದೇಶಗಳಲ್ಲಿ ವಿಜ್ಞಾನ ವಿಭಾಗಗಳು ವೇಗವಾಗಿ ಬೆಳೆದವು. 1960ರ ದಶಕದಲ್ಲಿ ಒಟ್ಟಿಗೆ ಸೇರಿದ ತಲೆಮಾರು ಒಟ್ಟಿಗೇ ವಯಸ್ಸಾಗಿ ಒಟ್ಟಿಗೇ ಹೊರಹೋಗಬೇಕಾಯಿತು. ಅಮೆರಿಕದಲ್ಲಿ 1994ರಿಂದ ಕಾಯಂ ಪ್ರಾಧ್ಯಾಪಕರಿಗೆ ಕಡ್ಡಾಯ ನಿವೃತ್ತಿ ವಯಸ್ಸೇ ಇಲ್ಲವಾದ್ದರಿಂದ ಅಲ್ಲಿ ಅಲೆ ಸ್ವಲ್ಪ ಹರಡಿಕೊಂಡಿತು, ಯುವಕರು ಕಾಯುವ ಕಾಲವೂ ಬೆಳೆಯಿತು. ಯಾವ ದೇಶದಲ್ಲಾಗಲಿ, ಒಂದೇ ಕಾಲದಲ್ಲಿ ತುಂಬಿಸಿದ ಹುದ್ದೆಗಳು ಒಂದೇ ಕಾಲದಲ್ಲಿ ಖಾಲಿಯಾಗುತ್ತವೆ. ಆ ಹೊತ್ತಿಗೆ ದಾಖಲಾತಿಯೂ ಇಳಿದಿದ್ದರೆ ಅವನ್ನು ತುಂಬುವವರಿಲ್ಲ.

ಹಾಳೆಯಲ್ಲಿ ಬಹುಮಟ್ಟಿಗೆ ಕಾಣದವರು ತಾಂತ್ರಿಕ ಸಿಬ್ಬಂದಿ. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಬಂಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ ಅದನ್ನು ಗಾಜಿನ ಪಟ್ಟಿಗೆ ಅಂಟಿಸಿ, ಬೆಳಕು ಹಾಯುವಷ್ಟು ತೆಳ್ಳಗೆ, 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಬೇಕು. ಕೊನೆಯ ಹಂತದಲ್ಲಿ ನುರಿತ ತಂತ್ರಜ್ಞರು ಪಟ್ಟಿಯನ್ನು ಧ್ರುವೀಕೃತ ಬೆಳಕಿನಲ್ಲಿ ಹಿಡಿದು ಅದರೊಳಗಿನ ಸ್ಫಟಿಕಶಿಲೆಯ ಕಣಗಳ ಬಣ್ಣ ನೋಡುತ್ತಾರೆ. ಹಳದಿ ಛಾಯೆ ಇದ್ದರೆ ಇನ್ನೂ ದಪ್ಪ, ಬೂದು–ಬಿಳುಪಿಗೆ ಬಂದರೆ ಸರಿಯಾದ ದಪ್ಪ. ಒಂದು ಕ್ಷಣ ಹೆಚ್ಚು ಉಜ್ಜಿದರೆ ಮಾದರಿಯೇ ಹೋಯಿತು. ಈ ಕೈಚಳಕ ಬರಲು ವರ್ಷಗಳು ಬೇಕು. ಇಂಥವರು ನಿವೃತ್ತರಾದ ಮೇಲೆ ಜಾಗ ತುಂಬದಿದ್ದರೆ ಮಾದರಿಗಳನ್ನು ಹೊರಗೆ ಕಳಿಸಿ ಮಾಡಿಸಬೇಕು, ತಿಂಗಳುಗಟ್ಟಲೆ ಕಾಯಬೇಕು. ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ತಾವೇ ಗುಡ್ಡದಿಂದ ತಂದ ಕಲ್ಲನ್ನು ಅದೇ ಸೆಮಿಸ್ಟರ್‌ನಲ್ಲಿ ಸೂಕ್ಷ್ಮದರ್ಶಕದಡಿ ನೋಡುವ ಅವಕಾಶ ಅಲ್ಲಿಗೆ ಮುಗಿಯಿತು.

ದೊಡ್ಡ ಉಪಕರಣಗಳಿಗೂ ಇದೇ ಮಾತು. ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನ ಜಿರ್ಕಾನ್ ಎಂಬ ಖನಿಜದ ಕಣವೊಂದು 440 ಕೋಟಿ ವರ್ಷ ಹಳೆಯದು ಎಂದು 2001ರಲ್ಲಿ ಪ್ರಕಟವಾದದ್ದು ಖನಿಜ ಕಣದ ವಯಸ್ಸು ಅಳೆಯಲು ನೆರವಾಗುವ ಶ್ರಿಂಪ್ ಎಂಬ ಅಯಾನ್ ಸೂಕ್ಷ್ಮಶೋಧಕದಿಂದ. ಆ ಬಗೆಯ ಯಂತ್ರ ಮೊದಲು ರೂಪುಗೊಂಡದ್ದು ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ, ವರ್ಷಗಟ್ಟಲೆ ವಿಜ್ಞಾನಿಗಳೂ ಎಂಜಿನಿಯರುಗಳೂ ಕೂಡಿ ದುಡಿದು. ಯಂತ್ರ ಕೊಳ್ಳಲು ಅನುದಾನ ಸಿಗುವುದುಂಟು. ಅದನ್ನು ಹದಿನೈದು ವರ್ಷ ನಡೆಸಿಕೊಂಡು ಹೋಗುವ ವ್ಯಕ್ತಿಯ ಸಂಬಳ ಕೊಡುವ ಅನುದಾನ ಬಹಳ ಅಪರೂಪ.

ಅನುದಾನ ಹೆಚ್ಚಾದರೆ ವಿಭಾಗ ಶ್ರೀಮಂತವೇ?

ಅಲ್ಲ, ಮತ್ತು ಇದು ಹೊರಗಿನವರಿಗೆ ಅತ್ಯಂತ ಗೊಂದಲ ಹುಟ್ಟಿಸುವ ಭಾಗ. ಅನುದಾನ ಬರುವುದು ಒಂದು ನಿರ್ದಿಷ್ಟ ಯೋಜನೆಗೆ. ಆ ಹಣದಲ್ಲಿ ಪೋಸ್ಟ್‌ಡಾಕ್ (ಪಿಎಚ್‌ಡಿ ಮುಗಿಸಿದ ತಾತ್ಕಾಲಿಕ ಸಂಶೋಧಕರು) ಒಬ್ಬರಿಗೆ ಸಂಬಳ ಕೊಡಬಹುದು, ರಾಸಾಯನಿಕ ಕೊಳ್ಳಬಹುದು, ಕ್ಷೇತ್ರಕ್ಕೆ ಹೋಗಬಹುದು. ಪದವಿ ತರಗತಿಗೆ ಪಾಠ ಮಾಡುವವರನ್ನು ನೇಮಿಸಲು ಸಾಮಾನ್ಯವಾಗಿ ಅವಕಾಶವಿಲ್ಲ. ಕಟ್ಟಡ, ವಿದ್ಯುತ್, ಗ್ರಂಥಾಲಯ, ಲೆಕ್ಕಪತ್ರ ವಿಭಾಗ, ಕೆಟ್ಟ ಪಂಪ್ ರಿಪೇರಿ ಇವಕ್ಕೆಲ್ಲ ಬರುವುದು ಓವರ್‌ಹೆಡ್ ಎಂಬ ಪ್ರತ್ಯೇಕ ಪಾಲು.

ಈ ಪಾಲಿನ ನಿಯಮ ಒಂದೊಂದು ಕಡೆ ಒಂದೊಂದು ಥರ. ಯುರೋಪಿಯನ್ ರಿಸರ್ಚ್ ಕೌನ್ಸಿಲ್ ನೇರ ಖರ್ಚಿನ ಮೇಲೆ ಶೇ 25ರಷ್ಟು ಕೊಡುತ್ತದೆ. ಯುವ ಸಂಶೋಧಕರಿಗೆ ಐದು ವರ್ಷಕ್ಕೆ ಕೊಡುವ 15 ಲಕ್ಷ ಯೂರೋಗಳ ಅನುದಾನದಲ್ಲಿ 12 ಲಕ್ಷ ಯೋಜನೆಗೆ, 3 ಲಕ್ಷ ಸಂಸ್ಥೆಗೆ. ಬ್ರಿಟನ್ನಿನ ಸಂಶೋಧನಾ ಮಂಡಳಿಗಳು ಕಟ್ಟಡದಿಂದ ಹಿಡಿದು ಎಲ್ಲ ಖರ್ಚನ್ನೂ ಸೇರಿಸಿ ಪೂರ್ಣ ವೆಚ್ಚ ಲೆಕ್ಕ ಹಾಕಿಸಿ, ಸಾಮಾನ್ಯವಾಗಿ ಅದರ ಶೇ 80ರಷ್ಟನ್ನು ಕೊಡುತ್ತವೆ. ಪೂರ್ಣ ವೆಚ್ಚ 10 ಲಕ್ಷ ಪೌಂಡ್ ಆದರೆ ಬರುವುದು 8 ಲಕ್ಷ. ಉಳಿದ 2 ಲಕ್ಷವನ್ನು ವಿಶ್ವವಿದ್ಯಾಲಯವೇ ಹೊಂದಿಸಬೇಕು. ಅದು ಬಹುಪಾಲು ಬರುವುದು ವಿದೇಶಿ ವಿದ್ಯಾರ್ಥಿಗಳ ಶುಲ್ಕದಿಂದ. ಹೀಗಾಗಿ ಎಲ್ಲೋ ಬೇರೆ ವಿಭಾಗದ, ಎಂದೂ ಕಲ್ಲು ಮುಟ್ಟದ ವಿದ್ಯಾರ್ಥಿಗಳ ಸಂಖ್ಯೆ ಇಳಿದಾಗ ಭೂವಿಜ್ಞಾನದ ಸಂಶೋಧನೆಗೂ ಪೆಟ್ಟು ಬೀಳುತ್ತದೆ.

ಅಮೆರಿಕದಲ್ಲಿ ಪ್ರತಿ ವಿಶ್ವವಿದ್ಯಾಲಯವೂ ಸರ್ಕಾರದ ಜೊತೆ ಮಾತಾಡಿ ತನ್ನ ದರ ನಿಗದಿ ಮಾಡಿಕೊಳ್ಳುತ್ತದೆ. ದೊಡ್ಡ ಸಂಶೋಧನಾ ಸಂಸ್ಥೆಗಳಲ್ಲಿ ಅದು ಶೇ 50 ದಾಟುವುದು ಸಾಮಾನ್ಯ. 2025ರ ಫೆಬ್ರುವರಿಯಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳೂ ಮೇ ತಿಂಗಳಲ್ಲಿ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವೂ ಇದನ್ನು ಶೇ 15ಕ್ಕೆ ಇಳಿಸುವುದಾಗಿ ಪ್ರಕಟಿಸಿದಾಗ ವಿಶ್ವವಿದ್ಯಾಲಯಗಳು ನ್ಯಾಯಾಲಯಕ್ಕೆ ಹೋದವು, ನ್ಯಾಯಾಲಯಗಳು ಅದಕ್ಕೆ ತಡೆ ಹಾಕಿದವು. ಓವರ್‌ಹೆಡ್ ಎಂದರೆ ಆಡಳಿತದ ದುಂದು ಎಂದು ತಿಳಿಯುವವರಿದ್ದಾರೆ. ಪರಮಾಣುಗಳನ್ನು ತೂಕದ ಮೇಲೆ ಬೇರ್ಪಡಿಸಿ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಇರುವ ಕೊಠಡಿಯ ಉಷ್ಣಾಂಶ ಹಗಲು ರಾತ್ರಿ ಸ್ಥಿರವಾಗಿರಬೇಕು. ಅದರ ವಿದ್ಯುತ್ ಬಿಲ್ ಕಟ್ಟುವುದು ಈ ಹಣವೇ.

ಅನುದಾನದ ಇನ್ನೊಂದು ಗುಣ ಅದರ ಏರುಪೇರು. ಒಂದು ದೊಡ್ಡ ಯೋಜನೆ ಬಂದ ಐದು ವರ್ಷ ವಿಭಾಗದ ತಲಾ ಅನುದಾನ ಬಹಳ ಎತ್ತರದಲ್ಲಿ ಕಾಣುತ್ತದೆ, ಆರನೇ ವರ್ಷ ಅದೇ ವಿಭಾಗ ಸೋಮಾರಿಯಂತೆ ಕಾಣುತ್ತದೆ. ಅರ್ಜಿ ಹಾಕಿದವರಲ್ಲಿ ಬಹುಪಾಲು ಜನರಿಗೆ ಸಿಗುವುದಿಲ್ಲ. ಒಂದು ಅರ್ಜಿ ಬರೆಯಲು ವಾರಗಟ್ಟಲೆ ಕಾಲ ಹೋಗುತ್ತದೆ. ಕುತೂಹಲದ ಸಂಗತಿ, ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಭೂವಿಜ್ಞಾನದ ಕೆಲವು ಕಾರ್ಯಕ್ರಮಗಳಲ್ಲಿ ಅರ್ಜಿಯ ಕೊನೆಯ ದಿನಾಂಕವನ್ನೇ ತೆಗೆದು ಯಾವಾಗ ಬೇಕಾದರೂ ಕಳಿಸಿ ಎಂದಾಗ, ಬರುವ ಅರ್ಜಿಗಳ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಗಡುವಿನ ಒತ್ತಡಕ್ಕೆ ಬರೆದವೇ ಎಷ್ಟಿದ್ದವು ಎಂಬುದು ಅದರಿಂದ ತಿಳಿಯಿತು.

ಕೆಲವೊಮ್ಮೆ ಅನುದಾನ ಇಳಿಯುವ ಕಾರಣ ವಿಭಾಗದಿಂದ ಸಾವಿರಾರು ಮೈಲಿ ದೂರದಲ್ಲಿರುತ್ತದೆ. ಸಾಗರತಳ ಕೊರೆಯುವ ಜೋಯಿಡಸ್ ರೆಸಲ್ಯೂಷನ್ ಹಡಗು 1985ರಿಂದ ಕೆಲಸ ಮಾಡುತ್ತಿತ್ತು. 2024ರ ನಂತರ ಅದರ ಒಪ್ಪಂದ ಮುಂದುವರಿಸುವುದಿಲ್ಲ ಎಂದು 2023ರಲ್ಲಿ ಪ್ರಕಟಣೆ ಬಂತು. ಪ್ರಾಚೀನ ಹವಾಮಾನವನ್ನು ಸಾಗರತಳದ ಗಸಿಯಿಂದ ಓದುವವರು ಇಂಥ ಹಡಗು ತಂದ ಮಾದರಿಗಳನ್ನೇ ನೆಚ್ಚಿದವರು. ಜರ್ಮನಿಯ ಬ್ರೆಮೆನ್, ಅಮೆರಿಕದ ಟೆಕ್ಸಾಸ್, ಜಪಾನಿನ ಕೋಚಿಯ ಸಂಗ್ರಹಾಗಾರಗಳಲ್ಲಿ ಹಳೆಯ ಮಾದರಿಗಳು ಇನ್ನೂ ಇವೆ, ಅವುಗಳಿಂದ ಕೆಲಸ ಸಾಗುತ್ತದೆ. ಆದರೆ ಹೊಸ ಯಾನಕ್ಕೆ ಹೋಗಿ ಹೊಸ ಪ್ರಶ್ನೆಯೊಂದಿಗೆ ಮರಳಿ ಅರ್ಜಿ ಹಾಕುತ್ತಿದ್ದ ಯುವ ಅಧ್ಯಾಪಕರ ದಾರಿ ಕಿರಿದಾಯಿತು.

ಮೂರೂ ಸೇರಿ ಕೆಳಗೆ ಎಳೆಯುವ ಬಗೆ

ಹದಿನೆಂಟು ಹುದ್ದೆಗಳ ಆ ವಿಭಾಗಕ್ಕೇ ಮರಳೋಣ. ವರ್ಷಕ್ಕೆ 60 ಮಂದಿ ಸೇರುತ್ತಿದ್ದಲ್ಲಿ ಒಂದು ವರ್ಷ 35 ಆಯಿತು ಎಂದುಕೊಳ್ಳಿ. ಮರುವರ್ಷ ನೇಮಕಾತಿಗೆ ತಡೆ ಬೀಳುತ್ತದೆ. ಸಂರಚನಾ ಭೂವಿಜ್ಞಾನದವರೂ ಭೂಭೌತಶಾಸ್ತ್ರದವರೂ ನಿವೃತ್ತರಾಗುತ್ತಾರೆ. ಅವರ ಪಾಠಗಳನ್ನು ಗುತ್ತಿಗೆ ಉಪನ್ಯಾಸಕರು ಮಾಡುತ್ತಾರೆ, ಹಲವರು ಕಾಯಂ ಅಧ್ಯಾಪಕರಷ್ಟೇ ಚೆನ್ನಾಗಿ. ಆದರೆ ಬಹಳ ಕಡೆ ಗುತ್ತಿಗೆಯವರು ಪಿಎಚ್‌ಡಿ ಮಾರ್ಗದರ್ಶನ ಮಾಡುವಂತಿಲ್ಲ, ಮುಖ್ಯ ಸಂಶೋಧಕರಾಗಿ ಅನುದಾನಕ್ಕೆ ಅರ್ಜಿ ಹಾಕುವಂತಿಲ್ಲ. ಸಂಬಳದ ಉಳಿತಾಯ ಈ ವರ್ಷದ ಹಾಳೆಯಲ್ಲಿ ಕಾಣುತ್ತದೆ, ಅರ್ಜಿಗಳು ಕಡಿಮೆಯಾದ ನಷ್ಟ ಮೂರನೇ ವರ್ಷದ ಹಾಳೆಯಲ್ಲಿ. ಅಷ್ಟರಲ್ಲಿ ಉಳಿದ ಹದಿನಾರು ಮಂದಿಯ ಮೇಲೆ ಬೋಧನೆಯ ಭಾರ ಏರಿ ಅವರ ಬರವಣಿಗೆಯೂ ಕುಂಠಿತವಾಗಿರುತ್ತದೆ. ಐಚ್ಛಿಕ ಕೋರ್ಸ್‌ಗಳು ಒಂದೊಂದಾಗಿ ನಿಲ್ಲುತ್ತವೆ. ಫೀಲ್ಡ್‌ವರ್ಕ್ ಹದಿನಾಲ್ಕು ದಿನದಿಂದ ಐದು ದಿನಕ್ಕೆ ಇಳಿಯುತ್ತದೆ. ಪದವಿ ಆಕರ್ಷಣೆ ಕಳೆದುಕೊಂಡು ಇನ್ನಷ್ಟು ಕಡಿಮೆ ಜನ ಸೇರುತ್ತಾರೆ, ಮೊದಲ ವರ್ಷದ ಕಡಿತ ಸರಿಯಾಗಿಯೇ ಇತ್ತು ಎಂದು ಆ ಸಂಖ್ಯೆಯನ್ನೇ ತೋರಿಸುತ್ತಾರೆ.

ಆರನೇ ವರ್ಷ ಖನಿಜಗಳಿಗೆ ಬೇಡಿಕೆ ಬಂದು ವಿದ್ಯಾರ್ಥಿಗಳು ಮರಳಿದರು ಎಂದುಕೊಳ್ಳಿ. ಹುದ್ದೆ ಮಂಜೂರು, ಜಾಹೀರಾತು, ಸಂದರ್ಶನಕ್ಕೆ ಒಂದು ವರ್ಷ. ಹೊಸಬರ ಪ್ರಯೋಗಾಲಯ ನಿಲ್ಲಲು ಎರಡು ಮೂರು ವರ್ಷ. ಮೊದಲ ಅನುದಾನ, ಅದರಿಂದ ಮೊದಲ ಪಿಎಚ್‌ಡಿ ವಿದ್ಯಾರ್ಥಿ, ಆ ವಿದ್ಯಾರ್ಥಿಯ ಪ್ರಬಂಧ ಮುಗಿಯಲು ಇನ್ನು ನಾಲ್ಕೈದು ವರ್ಷ. ಒಂದು ಸಭೆಯಲ್ಲಿ ತೆಗೆದದ್ದನ್ನು ಮರಳಿ ಕಟ್ಟಲು ಹತ್ತಿರ ಹತ್ತಿರ ಹತ್ತು ವರ್ಷ ಬೇಕು.

ಹಾಗೆಂದು ಯಾವ ವಿಭಾಗವನ್ನೂ ಪ್ರಶ್ನಿಸಬಾರದು ಎನ್ನುತ್ತಿಲ್ಲ. ವಿದ್ಯಾರ್ಥಿಗಳಿಲ್ಲದೆ, ಹೊಸ ಕೆಲಸವಿಲ್ಲದೆ ದಶಕಗಟ್ಟಲೆ ನಡೆಯುವ ವಿಭಾಗಕ್ಕೆ ಸಾರ್ವಜನಿಕ ಹಣ ಸುರಿಯುವುದು ತಪ್ಪು. ಆದರೆ ಪ್ರಶ್ನಿಸುವ ರೀತಿ ವಿಷಯದ ಸ್ವಭಾವಕ್ಕೆ ಹೊಂದಬೇಕು. ದಾಖಲಾತಿಯನ್ನು ಒಂದು ವರ್ಷದ್ದಲ್ಲದೆ, ಒಂದು ಪೂರ್ಣ ಏರಿಳಿತ ಒಳಗೊಳ್ಳುವಂತೆ ಹತ್ತು ಹನ್ನೆರಡು ವರ್ಷಗಳದ್ದನ್ನು ನೋಡಬೇಕು, ಬೇರೆ ವಿಭಾಗಗಳ ವಿದ್ಯಾರ್ಥಿಗಳಿಗೆ ಮಾಡಿದ ಪಾಠವನ್ನೂ ಸೇರಿಸಿ. ಅನುದಾನದ ಐದು ವರ್ಷಗಳ ಸರಾಸರಿ ಬೇಕು, ಅದರಲ್ಲಿ ಓವರ್‌ಹೆಡ್ ಎಷ್ಟು ಬಂತು ಎಂಬುದು ಬೇರೆಯಾಗಿ ಬೇಕು. ಹುದ್ದೆಗಳ ವಿಷಯದಲ್ಲಿ ಬರೀ ಒಟ್ಟು ಸಂಖ್ಯೆ ಸಾಲದು. ಯಾವ ಶಾಸ್ತ್ರಕ್ಕೆ ಯಾರಿದ್ದಾರೆ, ಮುಂದಿನ ಹತ್ತು ವರ್ಷಗಳಲ್ಲಿ ಯಾರು ಯಾವಾಗ ನಿವೃತ್ತರಾಗುತ್ತಾರೆ, ಅವರ ಜಾಗಕ್ಕೆ ಯಾವ ಶಾಸ್ತ್ರದವರು ಬರಬೇಕು ಎಂಬ ಪಟ್ಟಿ, ತಾಂತ್ರಿಕ ಸಿಬ್ಬಂದಿಯನ್ನೂ ಒಳಗೊಂಡು, ಮೊದಲ ಪುಟದಲ್ಲೇ ಇರಬೇಕು. ಆ ಪಟ್ಟಿ ಇಲ್ಲದ ಪರಿಶೀಲನಾ ವರದಿಯನ್ನು ಓದದೆ ಹಿಂದಕ್ಕೆ ಕಳಿಸುವ ಹಕ್ಕು ಪ್ರತಿ ವಿದ್ಯಾವಿಷಯಕ ಪರಿಷತ್ತಿಗೂ ಇದೆ, ಅದನ್ನು ಬಳಸಬೇಕು.